ಮಂಗಳೂರು ಬೀಡಿ

ಮಂಗಳೂರು ಬೀಡಿ ಎಂಬುದು ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೂ ಕೇರಳದ ಕಾಸರಗೋಡು ಭಾಗದಲ್ಲಿಯೂ ಕೈಯಿಂದ ಕಟ್ಟಲ್ಪಡುವ ಬೀಡಿಗೆ ಮಾರುಕಟ್ಟೆಯಲ್ಲಿ ಬಂದಿರುವ ಹೆಸರು. ಬಿಸಿಲಿನಲ್ಲಿ ಹದಗೊಳಿಸಿದ ಹೊಗೆಸೊಪ್ಪಿನ ಚೂರನ್ನು ತುಮರಿ ಮರದ ಒಣಎಲೆಯಲ್ಲಿ ಸುತ್ತಿ, ನೂಲಿನಿಂದ ಬಿಗಿದು ಇದನ್ನು ತಯಾರಿಸುತ್ತಾರೆ. ಈ ಕೆಲಸ ಯಂತ್ರಕ್ಕೆ ಇಂದಿಗೂ ಪೂರ್ಣವಾಗಿ ಒಗ್ಗಿಲ್ಲ. ಒಂದು ಬೀಡಿಯ ಗುಣವೆಲ್ಲ ಕಟ್ಟುವವರ, ಅಂದರೆ ಬಹುಪಾಲು ಹೆಂಗಸರ, ಬೆರಳುಗಳನ್ನು ಅವಲಂಬಿಸಿದೆ. ಆ ಗುಣವನ್ನು ಅಳೆಯುವವರು ಯಾರು, ಅಳತೆಗೆ ನಿಲುಕದ ಬೀಡಿಯ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆ ಈ ಉದ್ಯಮದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ.

ಹೊಗೆಸೊಪ್ಪು ಬಂದ ಬಗೆ

ಹೊಗೆಸೊಪ್ಪು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ಒಳನಾಡಿಗೆ ಹರಡಿತು. ದಕ್ಷಿಣ ಕರ್ನಾಟಕದಲ್ಲಿ ಇದಕ್ಕೆ ಹೊಗೆಸೊಪ್ಪು ಎಂದೂ ಉತ್ತರ ಕರ್ನಾಟಕದಲ್ಲಿ ತಂಬಾಕು ಎಂದೂ ಹೆಸರು. ಮೊಗಲ್ ಆಸ್ಥಾನಕ್ಕೆ ಅದು ತಲುಪಿದ್ದು ಕನ್ನಡ ನಾಡಿನಿಂದ ಎಂಬುದು ಸ್ವಾರಸ್ಯಕರ. ಅಕ್ಬರನ ದೂತನಾಗಿ ಬಿಜಾಪುರದ ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ ಅಸದ್ ಬೇಗ್, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ತಂಬಾಕನ್ನು ಕಂಡು, ಅಲಂಕೃತವಾದ ಸೇದುಗೊಳವೆಯೊಂದರೊಡನೆ ಅದನ್ನು ಬಾದಶಹನಿಗೆ ಒಪ್ಪಿಸಿದನು. ಅಕ್ಬರನು ಕೆಲವು ಗುಟುಕು ಎಳೆದನಾದರೂ ಆಸ್ಥಾನದ ವೈದ್ಯರು ಬೇಡವೆಂದರು. ಈ ವಿಷಯವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಮುಂದೆ 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು; ನಿಷೇಧ ನಿಲ್ಲಲಿಲ್ಲ.

ಶ್ರೀಮಂತರಲ್ಲಿ ಹುಕ್ಕಾ, ಉಳಿದವರಲ್ಲಿ ಚಿಲುಮೆ ಮತ್ತು ಚುಟ್ಟ ಬಳಕೆಗೆ ಬಂದವು. ಚುಟ್ಟವೆಂದರೆ ಹೊಗೆಸೊಪ್ಪಿನ ಎಲೆಯನ್ನೇ ಸುರುಳಿ ಸುತ್ತಿದ್ದು. ಅದರ ಹೆಸರು ದ್ರಾವಿಡ ಭಾಷೆಗಳ ‘ಸುತ್ತು’ ಧಾತುವಿಗೆ ಸಂಬಂಧಿಸಿದ್ದು. ಇಂಗ್ಲಿಷರು ಅದನ್ನೇ ‘ಚೆರೂಟ್’ ಎಂದು ಕರೆದರು. ಮದ್ರಾಸ್ ಪ್ರಾಂತದ ತಿರುಚಿರಾಪಳ್ಳಿ, ದಿಂಡಿಗಲ್‌ಗಳ ಚುಟ್ಟ ಇಂಗ್ಲೆಂಡಿನವರೆಗೂ ಹೋಗುತ್ತಿತ್ತು. 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಪತ್ತೇದಾರನು ಬೂದಿಯನ್ನು ನೋಡಿಯೇ ಅದು ತಿರುಚಿರಾಪಳ್ಳಿಯ ಚುಟ್ಟದ್ದೆಂದು ಹೇಳುತ್ತಾನೆ. ಆಂಧ್ರದ ಉತ್ತರ ಕರಾವಳಿಯಲ್ಲಿ ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟ ಸೇದುವ ರೂಢಿ ಹೆಂಗಸರಲ್ಲಿತ್ತು. ಅಂಗುಳಿನ ಕ್ಯಾನ್ಸರಿಗೆ ಇದೇ ಕಾರಣವೆಂದು ವೈದ್ಯರು ಗುರುತಿಸಿದ್ದಾರೆ.

ಬೀಡಿ ಚುಟ್ಟಕ್ಕಿಂತ ಕಿರಿಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧ್ಯ ಪ್ರಾಂತದ ಜಬಲ್ಪುರದ ಸುತ್ತ ಗುಜರಾತಿನ ವ್ಯಾಪಾರಿಗಳ ಕೈಯಲ್ಲಿ ಅದು ದೊಡ್ಡ ವ್ಯಾಪಾರವಾಯಿತು. ಹೊದಿಕೆಯ ಎಲೆ ಆ ಕಾಡುಗಳಲ್ಲಿಯೇ ಹೇರಳವಾಗಿ ದೊರೆಯುತ್ತಿತ್ತು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಿಗರೇಟನ್ನು ಬಿಟ್ಟವರು ಬೀಡಿಯನ್ನು ಹಿಡಿದರು.

ಕರಾವಳಿಯಲ್ಲಿ ಉದ್ಯಮ

ಮಂಗಳೂರಿಗೆ ಎಲೆಯೂ ಹೊರಗಿನದು, ಹೊಗೆಸೊಪ್ಪೂ ಹೊರಗಿನದು. ಎಲೆ ಮಧ್ಯ ಭಾರತದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ಗುಜರಾತಿನ ಚರೋತರ್ ಪ್ರದೇಶದಿಂದಲೂ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಿಂದಲೂ ಬರುತ್ತದೆ. ಸ್ಥಳೀಯವಾದದ್ದು ಕಟ್ಟುವ ಕೈ ಮಾತ್ರ. ಕಚ್ಚಾಮಾಲು ಹಗುರವಾಗಿರುವುದರಿಂದ ದೂರದಿಂದ ತರಿಸಿದರೂ ನಷ್ಟವಾಗದು, ಹೂಡಬೇಕಾದ ಬಂಡವಾಳವೆಂದರೆ ಒಂದು ಕತ್ತರಿ, ಒಂದು ಗೆರಸೆ. ಹೆಂಚಿನ ಕಾರ್ಖಾನೆ, ನೇಯ್ಗೆ, ಗೋಡಂಬಿಗಳ ಜೊತೆಗೆ ಬೀಡಿಯೂ ಈ ಜಿಲ್ಲೆಯ ಪ್ರಮುಖ ಕಸುಬುಗಳಲ್ಲಿ ಒಂದಾಗಿ ಬೆಳೆಯಿತು.

ಹೆಸರಾದ ಸಂಸ್ಥೆಗಳಲ್ಲಿ ಭಾರತ್ ಬೀಡಿ, ಮಂಗಳೂರು ಗಣೇಶ್ ಬೀಡಿ ಮುಖ್ಯವಾದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ 1939ರ ಅಕ್ಟೋಬರಿನಲ್ಲಿ ಪಾಲುದಾರಿಕೆಯಾಗಿ ಸ್ಥಾಪಿತವಾಯಿತು. ಹೆಸರಿನಲ್ಲಿ ಮಂಗಳೂರು ಇದ್ದರೂ ಅದರ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಪಾಲುದಾರಿಕೆ 1987ರಲ್ಲಿ ಮುರಿದು, ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ 1994ರಲ್ಲಿ ಸಂಸ್ಥೆ 92 ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡವರು ಕೊಟ್ಟ ಬೆಲೆಯಲ್ಲಿ ದೊಡ್ಡ ಪಾಲು ಕಟ್ಟಡಕ್ಕಾಗಲಿ ದಾಸ್ತಾನಿಗಾಗಲಿ ಅಲ್ಲ, ವ್ಯಾಪಾರಮುದ್ರೆಗೆ ಎಂಬ ವಾದದಿಂದ ಹುಟ್ಟಿದ ಆದಾಯ ತೆರಿಗೆಯ ವ್ಯಾಜ್ಯವನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಂಸ್ಥೆಯ ಪರವಾಗಿ ತೀರ್ಮಾನಿಸಿತು. ವಾಣಿಜ್ಯ ಕಾನೂನಿನ ವಿದ್ಯಾರ್ಥಿಗಳು ಬೀಡಿಯ ಹೆಸರನ್ನು ಓದುವುದು ಸಾಮಾನ್ಯವಾಗಿ ಈ ಪ್ರಕರಣದಲ್ಲಿ.

ಎಲೆ

ಹೊದಿಕೆಗೆ ಬಳಸುವುದು ತುಮರಿ ಮರದ ಎಲೆ. ಹಿಂದಿಯಲ್ಲಿ ಇದಕ್ಕೆ ತೆಂದು ಎಂದೂ ಒಡಿಶಾದಲ್ಲಿ ಕೆಂದು ಎಂದೂ ಹೆಸರು. ಸಸ್ಯಶಾಸ್ತ್ರೀಯ ಹೆಸರು ಡಯೋಸ್ಪೈರೋಸ್ ಮೆಲನಾಕ್ಸಿಲಾನ್. ಕರಿಮರವೆಂದು ಪ್ರಸಿದ್ಧವಾದ ಎಬನಿಯ ಜಾತಿಗೆ ಸೇರಿದ್ದು. ಬೇಸಗೆಗೆ ಮುಂಚೆ ಪೊದೆಗಳನ್ನು ಸವರಿದರೆ ಬುಡದಿಂದ ಹೊಸ ಚಿಗುರು ಬರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ಎಳೆಯ ಎಲೆಗಳನ್ನು ಕೊಯ್ದು, ಎಣಿಸಿ ಕಟ್ಟುಮಾಡಿ ಒಣಗಿಸುತ್ತಾರೆ. ಕೊಯ್ಯುವವರು ಹೆಚ್ಚಾಗಿ ಆದಿವಾಸಿಗಳು. ಮಧ್ಯಪ್ರದೇಶ ಸರ್ಕಾರ 1964ರಲ್ಲಿ ಈ ಎಲೆಯ ವ್ಯಾಪಾರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಬಳಿಕ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು.

ಎಲೆ ತೆಳ್ಳಗಿರಬೇಕು, ಅಗಲವಾಗಿರಬೇಕು, ನರಗಳು ಉಬ್ಬಿರಬಾರದು. ತೂತು, ಹುಳು ತಿಂದ ಕಲೆ, ಸುಟ್ಟ ಅಂಚು ಇರುವ ಎಲೆ ಕತ್ತರಿಗೆ ಸಿಕ್ಕುವುದು ಕಡಿಮೆ. ನೆನೆಸಿದಾಗ ಮೆತ್ತಗಾಗಿ, ಸುತ್ತಿದಾಗ ಸೀಳದೆ, ಒಣಗಿದಾಗ ಬಿಚ್ಚಿಕೊಳ್ಳದೆ ನಿಲ್ಲುವುದು ಒಳ್ಳೆಯ ಎಲೆಯ ಲಕ್ಷಣ. ಒಂದು ಕಿಲೋ ಎಲೆಯಿಂದ ಎಷ್ಟು ಬೀಡಿ ಬರಬೇಕೆಂಬ ಲೆಕ್ಕವನ್ನು ಕಂಪನಿ ಮೊದಲೇ ನಿಗದಿಮಾಡಿರುತ್ತದೆ. ಕೊಟ್ಟ ಎಲೆಯಲ್ಲಿ ಹರಕು ಹೆಚ್ಚಿದ್ದರೆ ಆ ಕೊರತೆಯನ್ನು ಕಟ್ಟುವವಳೇ ತುಂಬಬೇಕಾಗಿ ಬರುತ್ತದೆ. ಅಂದರೆ ಕೈಯಿಂದ ಹಣ ಕೊಟ್ಟು ಎಲೆ ಕೊಳ್ಳಬೇಕಾಗುತ್ತದೆ. ಎಲೆಯ ಗುಣ ಎಂಬುದು ಇಲ್ಲಿ ರುಚಿಯ ಮಾತಾಗುವ ಮೊದಲೇ ಕೂಲಿಯ ಮಾತಾಗಿದೆ.

ಹೊಗೆಸೊಪ್ಪು ಮತ್ತು ನಿಪ್ಪಾಣಿ

ಕರ್ನಾಟಕದಲ್ಲಿ ಎರಡು ಬೇರೆಬೇರೆ ಹೊಗೆಸೊಪ್ಪಿನ ಸೀಮೆಗಳಿವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪನ್ನು ಬ್ಯಾರನ್ನುಗಳಲ್ಲಿ ಬಿಸಿಗಾಳಿ ಹಾಯಿಸಿ ಹದಮಾಡುತ್ತಾರೆ. ಅದು ಸಿಗರೇಟಿಗೆ ಹೋಗುತ್ತದೆ, ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಸೊಪ್ಪು ಬೀಡಿಯದು. ಕಪ್ಪುಮಣ್ಣಿನಲ್ಲಿ ಬೆಳೆದು, ಬಯಲಿನಲ್ಲಿಯೇ ಬಿಸಿಲಿಗೆ ಒಣಗುತ್ತದೆ. ಬಳಿಕ ದೇಟು, ನರಗಳನ್ನು ಬೇರ್ಪಡಿಸಿ, ಕುಟ್ಟಿ, ಜರಡಿ ಹಿಡಿದು ಚೂರುಮಾಡುತ್ತಾರೆ. ಈ ಕೆಲಸವನ್ನು ಮಾಡುವವರೂ ಹೆಂಗಸರೇ. ಸೊಪ್ಪಿನ ಘಾಟು ತುಂಬಿದ ಗೋದಾಮಿನಲ್ಲಿ ಮೂಗುಬಾಯಿಗೆ ಸೆರಗು ಕಟ್ಟಿಕೊಂಡು ಅವರು ದುಡಿಯುತ್ತಾರೆ.

ವರ್ಜೀನಿಯಾದಂತೆ ಸರ್ಕಾರಿ ಹರಾಜು ಬೀಡಿ ತಂಬಾಕಿಗೆ ಇರಲಿಲ್ಲ. ಬೆಲೆಯನ್ನು ವ್ಯಾಪಾರಿ ಹೇಳುವುದು, ರೈತ ಕೇಳುವುದು ರೂಢಿಯಾಗಿತ್ತು. 1981ರಲ್ಲಿ ಶೇತಕರಿ ಸಂಘಟನೆಯ ಶರದ್ ಜೋಶಿಯವರ ನಾಯಕತ್ವದಲ್ಲಿ ನಿಪ್ಪಾಣಿಯ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಆ ವರ್ಷದ ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಹಿಂದಿನ ವರ್ಷ ನರಗುಂದ, ನವಲಗುಂದಗಳಲ್ಲಿ ನಡೆದ ರೈತ ಬಂಡಾಯದ ನೆನಪು ಹಸಿಯಾಗಿದ್ದ ಕಾಲವದು.

ಕಟ್ಟುವ ಕ್ರಮ

ರಾತ್ರಿ ಎಲೆಯನ್ನು ನೀರಿನಲ್ಲಿ ನೆನೆಸಿ, ನೀರು ಬಸಿದು, ಬಟ್ಟೆ ಅಥವಾ ಗೋಣಿಯಲ್ಲಿ ಸುತ್ತಿಡುತ್ತಾರೆ. ಬೆಳಗ್ಗೆ ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿಯಿಂದ ಆಯತಾಕಾರವಾಗಿ ಕತ್ತರಿಸಬೇಕು. ದಪ್ಪ ನರವನ್ನು ಚಾಕುವಿನಿಂದ ಹೆರೆಯುವುದುಂಟು. ಮಡಿಲಲ್ಲಿ ಗೆರಸೆ, ತುಳುವಿನಲ್ಲಿ ಹೇಳುವಂತೆ ತಡ್ಪೆ. ಅದರಲ್ಲಿ ಒಂದು ಕಡೆ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಚೂರು. ಎಡಗೈಯಲ್ಲಿ ಎಲೆ ಹಿಡಿದು, ಬಲಗೈಯಿಂದ ಚಿಟಿಕೆ ಚೂರನ್ನು ಉದ್ದಕ್ಕೆ ಸುರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉರುಳಿಸುತ್ತಾರೆ. ಒಂದು ತುದಿ ಸಪೂರ, ಇನ್ನೊಂದು ತುಸು ಅಗಲ. ಅಗಲವಾದ ತುದಿಯನ್ನು ಉಗುರಿನಿಂದಲೋ ಸಣ್ಣ ಕಬ್ಬಿಣದ ಮೊನೆಯಿಂದಲೋ ಒಳಕ್ಕೆ ಮಡಚಿ ಮುಚ್ಚುತ್ತಾರೆ. ಸಪೂರ ತುದಿಯ ಬಳಿ ನೂಲು ಸುತ್ತುತ್ತಾರೆ. ನೂಲಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ.

ಒಂದು ಬೀಡಿಯಲ್ಲಿ ಹೊಗೆಸೊಪ್ಪು ಒಂದು ಗ್ರಾಮಿನ ಕಾಲುಭಾಗದಷ್ಟು ಮಾತ್ರ. ಸಿಗರೇಟಿನಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಅದನ್ನು ತಕ್ಕಡಿಯಿಲ್ಲದೆ ಬೆರಳೇ ತೂಗುತ್ತದೆ. ನುರಿತವರು ದಿನಕ್ಕೆ ಸಾವಿರ ಬೀಡಿ ಕಟ್ಟಬಲ್ಲರು, ಆದರೆ ಅಡುಗೆ, ನೀರು, ಮಕ್ಕಳ ನಡುವೆ ಕೂತವರಿಗೆ ಐನೂರು ಆರುನೂರು ದಾಟುವುದೇ ಕಷ್ಟ. ಕೂಲಿಯ ಲೆಕ್ಕ ಸಾವಿರಕ್ಕೆ ಇಷ್ಟೆಂದು.

ಕಟ್ಟಿದ ಬೀಡಿಯನ್ನು ಊರಿನ ‘ಬ್ರಾಂಚಿ’ಗೆ ಒಯ್ಯಬೇಕು. ಗುತ್ತಿಗೆದಾರನು ಕಂಪನಿಯಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಹಂಚುವ, ಬೀಡಿಯನ್ನು ಎಣಿಸಿ ಹಿಂದಕ್ಕೆ ಪಡೆಯುವ ಜಾಗಕ್ಕೆ ದಕ್ಷಿಣ ಕನ್ನಡದಲ್ಲಿ ಆ ಹೆಸರು ನೆಲೆನಿಂತಿದೆ. ಸಂಜೆ ತಲೆಯ ಮೇಲೋ ಕಂಕುಳಲ್ಲೋ ಬೀಡಿಯ ಕಟ್ಟು ಹಿಡಿದು ಬ್ರಾಂಚಿಗೆ ನಡೆಯುವ ಹೆಂಗಸರ ಸಾಲು ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ತಾಲೂಕುಗಳ ದಾರಿಗಳಲ್ಲಿ ದಶಕಗಳ ಕಾಲ ದಿನನಿತ್ಯದ ನೋಟವಾಗಿತ್ತು. ಅಲ್ಲಿಂದ ಕಂಪನಿಗೆ ಹೋದ ಬೀಡಿಯನ್ನು ಭಟ್ಟಿಯ ಬಿಸಿಯಲ್ಲಿ ಒಣಗಿಸಿ, ಕಟ್ಟುಮಾಡಿ, ಲೇಬಲ್ ಅಂಟಿಸುತ್ತಾರೆ.

ಗುಣದ ಪರೀಕ್ಷೆ

ಕ್ಯೂಬಾದ ಕೈಸುತ್ತಿನ ಸಿಗಾರಿಗೆ ಇರುವಂಥ ರಸಜ್ಞರ ಪರಿಭಾಷೆ ಬೀಡಿಗೆ ಬೆಳೆದಿಲ್ಲ. ಸಿಗಾರಿನಲ್ಲಿ ಒಳತುಂಬು, ಕಟ್ಟೆಲೆ, ಹೊರಎಲೆ ಮೂರೂ ಹೊಗೆಸೊಪ್ಪೇ. ತಿಂಗಳುಗಟ್ಟಲೆ ಹುದುಗಿಸಿ, ಕೆಲವೊಮ್ಮೆ ವರ್ಷಗಟ್ಟಲೆ ಮಾಗಿಸಿದ ಎಲೆ ಅದು. ದಪ್ಪವನ್ನು ಅಂಗುಲದ 64ನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಹೊರಎಲೆಯ ಮೇಲೆ ನರ ಏಳದಿರುವುದು, ಒತ್ತಿದರೆ ಎಲ್ಲ ಕಡೆ ಸಮನಾಗಿ ಮಣಿಯುವುದು, ಸುತ್ತಲೂ ಒಂದೇ ಗೆರೆಯಾಗಿ ಉರಿಯುವುದು, ಬೂದಿ ಬೇಗ ಉದುರದೆ ನಿಲ್ಲುವುದು ಅದರ ಮೇಲ್ಮೆಯ ಗುರುತು. ಸುಮಾರು ಶೇ. 65ರಿಂದ 70ರ ತೇವಾಂಶವಿರುವ ಮರದ ಪೆಟ್ಟಿಗೆಯಲ್ಲಿ ಅದನ್ನು ಕಾಪಾಡುತ್ತಾರೆ.

ಬೀಡಿಯ ಕಥೆ ಹಲವು ಕಡೆ ಇದಕ್ಕೆ ತದ್ವಿರುದ್ಧ. ತೇವವೇ ಅದರ ಶತ್ರು. ಕರಾವಳಿಯ ಮಳೆಗಾಲದಲ್ಲಿ ಮೆತ್ತಗಾದ ಬೀಡಿ ಹೊತ್ತುವುದಿಲ್ಲ, ಎಲೆಗೆ ಬೂಸಲು ಹಿಡಿಯುತ್ತದೆ. ಭಟ್ಟಿಗೆ ಹಾಕುವುದು ಇದಕ್ಕಾಗಿಯೇ. ಆದರೂ ನೋಡುವ ಕಣ್ಣು, ಒತ್ತುವ ಬೆರಳು ಎರಡು ಕಡೆಯೂ ಒಂದೇ. ಬಿಗಿ ಹೆಚ್ಚಾದರೆ ಎಳೆತ ಬಾರದು, ಸಡಿಲವಾದರೆ ಚೂರು ಬಾಯಿಗೆ ಬರುತ್ತದೆ. ಉದ್ದ ಒಂದೇ ಸಮನಿರಬೇಕು, ಮುಚ್ಚಿದ ತುದಿ ಬಿಚ್ಚಬಾರದು, ನೂಲು ಜಾರಬಾರದು. ಹೊಗೆಸೊಪ್ಪಿನ ಮಿಶ್ರಣ ‘ಖಾರ’ವೋ ‘ಲೈಟೋ’ ಎಂಬುದನ್ನು ತೀರ್ಮಾನಿಸುವುದು ಕಂಪನಿ. ಅದರ ಪಾಕವನ್ನು ಪ್ರತಿ ಸಂಸ್ಥೆಯೂ ಗುಟ್ಟಾಗಿಡುತ್ತದೆ.

ಚೆಕ್ಕರ್ ಎಂದು ಕರೆಯಲ್ಪಡುವ ಪರೀಕ್ಷಕನು ಕಟ್ಟುಗಳನ್ನು ಬಿಚ್ಚಿ, ಕಣ್ಣಳತೆಯಿಂದ ಒಪ್ಪದವನ್ನು ಬದಿಗೆ ಹಾಕುತ್ತಾನೆ. ಉತ್ತರ ಭಾರತದಲ್ಲಿ ಇದಕ್ಕೆ ‘ಛಾಟ್’ ಎಂದು ಹೆಸರು. ಹೀಗೆ ಕಳೆದ ಬೀಡಿಗೆ ಕೂಲಿಯಿಲ್ಲ, ಅದನ್ನು ಕಟ್ಟಿದವಳಿಗೆ ಹಿಂದಿರುಗಿಸುವುದೂ ಇಲ್ಲದಿದ್ದ ಪದ್ಧತಿ ಅನೇಕ ಕಡೆ ಇತ್ತು. ಸಿಗಾರಿನ ಗುಣವನ್ನು ಕೊಂಡವನು ಬಿಡುವಾಗಿ ಕೂತು ಅಳೆಯುತ್ತಾನೆ. ಬೀಡಿಯ ಗುಣ ಕೆಲವೇ ಕ್ಷಣಗಳಲ್ಲಿ, ಕಟ್ಟಿದವಳ ಎದುರಿನಲ್ಲಿಯೇ, ಅವಳ ಅಂದಿನ ಅಕ್ಕಿಯ ಲೆಕ್ಕವಾಗಿ ತೀರ್ಮಾನವಾಗುತ್ತಿತ್ತು.

ಕಾನೂನು

ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗದ ಷರತ್ತುಗಳು) ಅಧಿನಿಯಮ 1966ರಲ್ಲಿ ಜಾರಿಯಾಯಿತು. ಕಾರ್ಖಾನೆಯೊಳಗಿನವರಿಗಷ್ಟೇ ಅಲ್ಲದೆ ಮನೆಯಲ್ಲಿ ಕೂತು ಕಟ್ಟುವವರಿಗೂ ರಕ್ಷಣೆ ನೀಡಿದ್ದು ಇದರ ವಿಶೇಷ. ರಾಜ್ಯಗಳು ರಚಿಸಿದ ನಿಯಮಗಳು ಬೀಡಿಯನ್ನು ತಿರಸ್ಕರಿಸುವುದಕ್ಕೆ ಶೇಕಡಾವಾರು ಮಿತಿಯನ್ನು ಹಾಕಿದವು. ಮಾಲೀಕರು ಇದನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ ಎಂದು ದಾಖಲಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಅಧಿನಿಯಮವನ್ನು ಎತ್ತಿಹಿಡಿಯಿತು.

ಭವಿಷ್ಯನಿಧಿಯ ವಿಷಯದಲ್ಲಿ ಮತ್ತೊಂದು ವಿವಾದ ಎದ್ದಿತು. ಭವಿಷ್ಯನಿಧಿ ಯೋಜನೆ 1977ರಲ್ಲಿ ಬೀಡಿ ಉದ್ಯಮಕ್ಕೆ ವಿಸ್ತರಿಸಲ್ಪಟ್ಟಾಗ, ಮನೆಯಲ್ಲಿ ತನಗೆ ತೋಚಿದ ಹೊತ್ತಿಗೆ ಕಟ್ಟುವವಳು ನಮ್ಮ ನೌಕರಳಲ್ಲ, ಅವಳ ಮೇಲೆ ನಮಗೆ ಹಿಡಿತವೇ ಇಲ್ಲ ಎಂದು ಮಾಲೀಕರು ವಾದಿಸಿದರು. ಪಿ. ಎಂ. ಪಟೇಲ್ ಮತ್ತು ಸನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕಟ್ಟಿದ ಬೀಡಿಯನ್ನು ತಿರಸ್ಕರಿಸುವ ಅಧಿಕಾರವೇ ಸಾಕಷ್ಟು ಮೇಲ್ವಿಚಾರಣೆ ಎಂದು ಅದು ಹೇಳಿತು. ಕೂಲಿಯನ್ನು ಕಡಿಯುವ ಸಾಧನವಾಗಿದ್ದ ತಿರಸ್ಕಾರವೇ ಕಾರ್ಮಿಕಳನ್ನು ನೌಕರಳೆಂದು ಸಾಧಿಸಲು ಸಾಕ್ಷಿಯಾದದ್ದು ಈ ತೀರ್ಪಿನ ಸೊಗಸು. ಕರಾವಳಿಯ ಸಾವಿರಾರು ಹೆಂಗಸರಿಗೆ ಬೀಡಿಯ ಭವಿಷ್ಯನಿಧಿ ಜೀವನದಲ್ಲಿ ತಮ್ಮದೇ ಹೆಸರಿನಲ್ಲಿ ದೊರೆತ ಮೊದಲ ಉಳಿತಾಯವಾಗಿತ್ತು.

1976ರ ಕಲ್ಯಾಣನಿಧಿ ಅಧಿನಿಯಮದ ಮೇರೆಗೆ ಬೀಡಿಯ ಮೇಲೆ ವಿಧಿಸಿದ ಉಪಕರದಿಂದ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯಧನ, ಚಿಕಿತ್ಸಾಲಯಗಳು ಬಂದವು. ಸರಕು ಮತ್ತು ಸೇವಾ ತೆರಿಗೆ ಜಾರಿಯಾದ 2017ರಲ್ಲಿ ಆ ಉಪಕರ ರದ್ದಾಯಿತು. 1966ರ ಅಧಿನಿಯಮವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ.

ದಿನೇಶ್ ಬೀಡಿ ಮತ್ತು ಪತ್ರಿಕೆ ಓದುವವನು

1966ರ ಅಧಿನಿಯಮವನ್ನು ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ದೊಡ್ಡ ಕಂಪನಿಗಳು ಉತ್ತರ ಕೇರಳದ ತಮ್ಮ ಘಟಕಗಳನ್ನು ಮುಚ್ಚಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘ ಆರಂಭವಾಯಿತು. ಮುಂದೆ ಅದು 30,000ಕ್ಕೂ ಹೆಚ್ಚು ಸದಸ್ಯರ ಸಂಸ್ಥೆಯಾಗಿ ಬೆಳೆಯಿತು. ಬೀಡಿಗೆ ಬೇಡಿಕೆ ಕುಗ್ಗಿದ ಮೇಲೆ ಕೊಡೆ, ಆಹಾರ ಪದಾರ್ಥ, ಸಿದ್ಧ ಉಡುಪುಗಳಿಗೆ ಕೈಹಾಕಿದೆ.

ಈ ಭಾಗದ ಬೀಡಿ ಶಾಲೆಗಳಲ್ಲಿ ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಕಟ್ಟುತ್ತ ಕೇಳುವುದು, ಅವನು ಕಳೆದುಕೊಂಡ ಕೂಲಿಗೆ ಬದಲಾಗಿ ಎಲ್ಲರೂ ತಮ್ಮ ಪಾಲಿನ ಬೀಡಿಯನ್ನು ಕೊಡುವುದು ರೂಢಿಯಲ್ಲಿತ್ತು. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿಯೂ 1865ರಿಂದ ಇಂಥ ಓದುಗರಿದ್ದಾರೆ. ಅಲ್ಲಿ ಪತ್ರಿಕೆಯ ಜೊತೆಗೆ ಕಾದಂಬರಿಗಳನ್ನೂ ಓದುತ್ತಾರೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಊರುಗಳ ಕೈಕಸುಬಿನವರು ಒಂದೇ ಏರ್ಪಾಡನ್ನು ಮಾಡಿಕೊಂಡದ್ದಕ್ಕೆ ಕಾರಣ ಸರಳ: ಬೆರಳುಗಳಿಗೆ ಬಿಡುವಿಲ್ಲ, ಕಿವಿಗಳಿಗೆ ಬಿಡುವಿದೆ. ಮನೆಮನೆಗೆ ಹಂಚಿಹೋದ ದಕ್ಷಿಣ ಕನ್ನಡದ ಬೀಡಿಗೆ ಈ ಓದು ಒದಗಲಿಲ್ಲ. ಅಲ್ಲಿ ಆ ಜಾಗವನ್ನು ತುಂಬಿದ್ದು ಬಹುಮಟ್ಟಿಗೆ ರೇಡಿಯೋ.

ಆರೋಗ್ಯ

ಹೊಗೆಸೊಪ್ಪು ಕಡಿಮೆ, ಹೊದಿಕೆ ಕಾಡಿನ ಎಲೆ, ಆದುದರಿಂದ ಬೀಡಿ ಸಿಗರೇಟಿಗಿಂತ ಮೃದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ತುಮರಿ ಎಲೆಯಲ್ಲಿ ಕಾಗದದಷ್ಟು ಗಾಳಿಯಾಡುವುದಿಲ್ಲ. ಬೀಡಿ ಆರಿಹೋಗದಿರಲು ಮೇಲಿಂದ ಮೇಲೆ, ಆಳವಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ನಿಕೋಟಿನ್, ಟಾರ್, ಇಂಗಾಲದ ಮಾನಾಕ್ಸೈಡ್ ದೇಹಕ್ಕೆ ಸೇರುವ ಪ್ರಮಾಣ ಸಿಗರೇಟಿಗೆ ಕಡಿಮೆಯಿಲ್ಲ, ಅನೇಕ ವೇಳೆ ಹೆಚ್ಚು. ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರ್, ಹೃದ್ರೋಗ, ದೀರ್ಘಕಾಲದ ಶ್ವಾಸರೋಗಗಳು ಬೀಡಿ ಸೇದುವವರಲ್ಲಿ ಕಾಣುತ್ತವೆ. ಹೊಗೆಯನ್ನು ಒಳಕ್ಕೆ ಎಳೆಯದೆ ಸೇದುವ ಸಿಗಾರೂ ಬಾಯಿ, ಅನ್ನನಾಳದ ಕ್ಯಾನ್ಸರಿನಿಂದ ಮುಕ್ತವಲ್ಲ. 2003ರ ಕೇಂದ್ರ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. 2016ರಿಂದ ಪೊಟ್ಟಣದ ಶೇ. 85ರಷ್ಟು ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಕಡ್ಡಾಯ.

ಸೇದದವರಿಗೂ ತೊಂದರೆ ತಪ್ಪಿದ್ದಲ್ಲ. ಕಟ್ಟುವವರು ದಿನವಿಡೀ ಹೊಗೆಸೊಪ್ಪಿನ ದೂಳನ್ನು ಉಸಿರಾಡುತ್ತಾರೆ, ಚರ್ಮದ ಮೂಲಕವೂ ನಿಕೋಟಿನ್ ಒಳಸೇರುತ್ತದೆ. ಬೆನ್ನು ಬಗ್ಗಿಸಿ ಕೂತು ಸೊಂಟನೋವು, ಕುತ್ತಿಗೆನೋವು. ಕಣ್ಣುರಿ, ಕೆಮ್ಮು, ತಲೆಸುತ್ತು ಸಾಮಾನ್ಯ. ಒಂದೇ ಕೋಣೆಯಲ್ಲಿ ಬೀಡಿಯೂ ತೊಟ್ಟಿಲೂ ಇರುವ ಮನೆಗಳಲ್ಲಿ ಮಕ್ಕಳಿಗೂ ಅದೇ ಗಾಳಿ.

ಈಗಿನ ಸ್ಥಿತಿ

ದೇಶದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರ ಸಂಖ್ಯೆ ಸುಮಾರು 50 ಲಕ್ಷವೆಂದು ಸರ್ಕಾರದ ಲೆಕ್ಕ. ಕೈಕಟ್ಟಿನ ಬೀಡಿಗೆ ತೆರಿಗೆಯಲ್ಲಿ ಬಹುಕಾಲ ರಿಯಾಯಿತಿ ಇದ್ದುದರಿಂದಲೂ ಕೂಲಿ ಅಗ್ಗವಾಗಿದ್ದುದರಿಂದಲೂ ಯಂತ್ರ ಬರಲಿಲ್ಲ. 2017ರಲ್ಲಿ ಬೀಡಿಯ ಮೇಲೆ ಶೇ. 28, ಎಲೆಯ ಮೇಲೆ ಶೇ. 18 ತೆರಿಗೆ ಬಿದ್ದಾಗ ಕಂಪನಿಗಳು ಕೆಲಸದ ದಿನಗಳನ್ನು ಕಡಿಮೆಮಾಡಿದವು. ತೆರಿಗೆ ಹೆಚ್ಚಿದರೆ ಸೇದುವವರು ಕಡಿಮೆಯಾಗುತ್ತಾರೆ ಎನ್ನುವ ವೈದ್ಯರೂ, ಕಡಿಮೆಯಾಗುವುದು ನಮ್ಮ ಗಂಜಿ ಎನ್ನುವ ಕಾರ್ಮಿಕರೂ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ಬದಲಿ ಉದ್ಯೋಗದ ಯೋಜನೆಗಳು ಕಾಗದದ ಮೇಲೆ ಹಲವಿವೆ. ಆದರೆ ಮನೆಯಿಂದ ಹೊರಗೆ ಹೋಗಲಾರದವಳಿಗೆ, ಐವತ್ತು ದಾಟಿದವಳಿಗೆ, ಮಡಿಲಲ್ಲಿ ಗೆರಸೆಯಿಟ್ಟು ಮಾಡಬಹುದಾದ ಇನ್ನೊಂದು ಕೆಲಸ ಸುಲಭವಾಗಿ ಸಿಕ್ಕಿಲ್ಲ.

ಕರಾವಳಿಯಲ್ಲಿ ಹೊಸ ತಲೆಮಾರಿನ ಹುಡುಗಿಯರು ಈ ಕಸುಬಿಗೆ ಬರುವುದು ವಿರಳ. ತಾಯಿ ಕಟ್ಟಿದ ಬೀಡಿಯ ಕೂಲಿಯಿಂದಲೂ ಕಲ್ಯಾಣನಿಧಿಯ ವಿದ್ಯಾರ್ಥಿವೇತನದಿಂದಲೂ ಓದಿದವರು ಶಿಕ್ಷಕಿಯರಾಗಿ, ದಾದಿಯರಾಗಿ, ಬ್ಯಾಂಕಿನ ನೌಕರರಾಗಿ ಹೊರಟಿದ್ದಾರೆ. ಬ್ರಾಂಚುಗಳಲ್ಲಿ ಈಗ ಪುಸ್ತಕಕ್ಕೆ ಲೆಕ್ಕ ಬರೆಸುವವರಲ್ಲಿ ಹೆಚ್ಚಿನವರು ನಡುವಯಸ್ಸು ಮೀರಿದವರು.